ವಿದೇಶಿ ನೆರವಿನ ತಾಯಂದಿರ ಆರೋಗ್ಯ ಯೋಜನೆ: ಸಿಬ್ಬಂದಿ, ತರಬೇತಿ, ಬಜೆಟ್ ನಿಭಾಯಿಸುವುದು ಹೇಗೆ (ದಾವಣಗೆರೆ–ಚಿತ್ರದುರ್ಗದವರಿಗೊಂದು ಸಮಗ್ರ ಮಾರ್ಗದರ್ಶಿ)

ದಾವಣಗೆರೆ ಅಥವಾ ಚಿತ್ರದುರ್ಗದ ಕಡೆ, ಗರ್ಭಿಣಿ ಬಾಣಂತಿಯರ ಆರೋಗ್ಯಕ್ಕಾಗಿ ವಿದೇಶಿ ಹಣದಲ್ಲಿ ಕೆಲಸ ಮಾಡುವ ಸಂಸ್ಥೆಗೆ ನೀವು ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಸೇರಿದ್ದೀರಾ? ಅಥವಾ ಅಂಥ ಯೋಜನೆಯೊಂದು ಸದ್ಯದಲ್ಲೇ ನಿಮ್ಮ ಕೈಗೆ ಬರಲಿದೆಯಾ? ಹಾಗಾದರೆ ಇದು ನಿಮಗಾಗಿ ಬರೆದದ್ದು.

ಹೆಚ್ಚಿನ ಕಚೇರಿಗಳಲ್ಲಿ ಸಿಬ್ಬಂದಿ ವಿಷಯ ಒಬ್ಬರ ಟೇಬಲ್ ಮೇಲೆ, ತರಬೇತಿ ಇನ್ನೊಬ್ಬರ ಹತ್ತಿರ, ಲೆಕ್ಕಪತ್ರ ಮತ್ತೊಬ್ಬರ ಬೀರುವಿನಲ್ಲಿ ಇರುತ್ತದೆ. ಮೂವರೂ ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಾರೆ. ಆದರೂ ವರ್ಷದ ಕೊನೆಗೆ ನೋಡಿದರೆ ಹೆರಿಗೆ ಕೋಣೆಯಲ್ಲಿ ಏನೂ ಬದಲಾಗಿರುವುದಿಲ್ಲ. ಯಾಕೆ ಅಂದರೆ ಈ ಮೂರೂ ಒಂದೇ ಹಾಳೆಯ ಮೇಲೆ ಬರಬೇಕು. ಆ ಹಾಳೆ ಶುರುವಾಗಬೇಕಾದ್ದು ಹೆರಿಗೆ ಕೋಣೆಯಿಂದ. ಅಲ್ಲಿ ನಿಂತ ನರ್ಸ್‌ಗೆ ಏನು ಬೇಕು, ಅದನ್ನು ಕಲಿಸಲು ಎಷ್ಟು ಜನ ಬೇಕು, ಅವರು ಅಲ್ಲಿಗೆ ಹೋಗಿಬರಲು ಎಷ್ಟು ದುಡ್ಡು ಬೇಕು, ಈ ಕ್ರಮದಲ್ಲೇ ಯೋಚನೆ ಮಾಡಿ. ಉಳಿದದ್ದೆಲ್ಲ ಇದರ ವಿವರ.

ಹಂತ 1: ಎಕ್ಸೆಲ್ ತೆರೆಯುವ ಮುಂಚೆ ತಾಲ್ಲೂಕು ಸುತ್ತಿ ಬನ್ನಿ

ದಾನಿ ಸಂಸ್ಥೆಯವರು ಕಳಿಸಿದ ಬಜೆಟ್ ನಮೂನೆಯನ್ನು ಮೊದಲ ದಿನವೇ ತುಂಬಲು ಕೂರಬೇಡಿ. ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಹೋಗಿ, ತಾಯಿ-ಮಕ್ಕಳ ಆರೋಗ್ಯ ನೋಡಿಕೊಳ್ಳುವ ಆರ್‌ಸಿಎಚ್ ಅಧಿಕಾರಿಯನ್ನು ಕಂಡು, ಯಾವ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಕಳೆದ ವರ್ಷ ಎಷ್ಟು ಹೆರಿಗೆ ಆಗಿವೆ ಅನ್ನೋ ಪಟ್ಟಿ ಕೇಳಿ. ಬೋರ್ಡ್ ಮೇಲೆ 24 ಗಂಟೆ ಅಂತ ಬರೆದಿರುವ ಎಲ್ಲ ಕಡೆಯೂ ಹೆರಿಗೆ ಆಗುವುದಿಲ್ಲ. ಆ ಪಟ್ಟಿ ನೋಡಿದ ಮೇಲೆಯೇ ನಿಮ್ಮ ನಿಜವಾದ ಕೆಲಸದ ಜಾಗ ಯಾವುದು ಅಂತ ಗೊತ್ತಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಹಾಗಿದ್ದರೂ 2018–20ರಲ್ಲಿ ನಮ್ಮ ರಾಜ್ಯದ ತಾಯಿ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 69 ಇತ್ತು. ಅದೇ ಅವಧಿಯಲ್ಲಿ ಕೇರಳದಲ್ಲಿ 19. ಅಂದರೆ ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುತ್ತಿದ್ದಾರೆ, ಬಂದ ಮೇಲೆಯೂ ಕೆಲವರನ್ನು ಕಳೆದುಕೊಳ್ಳುತ್ತಿದ್ದೇವೆ. ‘ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿ’ ಅನ್ನುವ ಬ್ಯಾನರ್, ಬೀದಿ ನಾಟಕಕ್ಕೆ ಇನ್ನೂ ಲಕ್ಷಗಟ್ಟಲೆ ಇಡುವ ಬಜೆಟ್ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಹಣ ಹೆರಿಗೆ ಕೋಣೆಯೊಳಗೆ ಹೋಗಬೇಕಿತ್ತು.

ಸುತ್ತುವಾಗ ರಸ್ತೆಯನ್ನೂ ಗಮನಿಸಿ. ಮೊಳಕಾಲ್ಮೂರು ಇರುವುದು ಚಿತ್ರದುರ್ಗ ಜಿಲ್ಲೆಯಲ್ಲಿ, ಆದರೆ ಅಲ್ಲಿಂದ ಹತ್ತಿರವಾಗುವುದು ಬಳ್ಳಾರಿ. ರಕ್ತಸ್ರಾವ ಆಗುತ್ತಿರುವ ಹೆಂಗಸನ್ನು ಯಾವ ಕಡೆ ಕರೆದೊಯ್ಯುತ್ತಾರೆ ಹೇಳಿ? ನ್ಯಾಮತಿ ದಾವಣಗೆರೆ ಜಿಲ್ಲೆಗೆ ಸೇರಿದ್ದು, ಅಲ್ಲಿಯವರಿಗೆ ಶಿವಮೊಗ್ಗ ಪಕ್ಕದಲ್ಲೇ. ನಿಮ್ಮ ಪ್ರಾಜೆಕ್ಟ್ ಕಾಗದದಲ್ಲಿ ಜಿಲ್ಲೆಯ ಗಡಿ ಇರುತ್ತದೆ, ರೆಫರಲ್‌ಗೆ (ದೊಡ್ಡಾಸ್ಪತ್ರೆಗೆ ಕಳಿಸುವುದಕ್ಕೆ) ಅದು ಇಲ್ಲ. ಹಾಗಾಗಿ ಬಳ್ಳಾರಿ, ಶಿವಮೊಗ್ಗದ ದೊಡ್ಡಾಸ್ಪತ್ರೆಗಳ ಹೆರಿಗೆ ವಿಭಾಗದ ಜೊತೆ ಮಾತಾಡಲು ಒಬ್ಬರಿಗೆ ಜವಾಬ್ದಾರಿ ಕೊಡಿ, ಆ ಓಡಾಟಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಇಡಿ.

ಇನ್ನೊಂದು, ತವರು. ನಮ್ಮ ಕಡೆ ಮೊದಲ ಹೆರಿಗೆ ತವರಲ್ಲೇ ಅಲ್ವಾ? ಸೀಮಂತ ಮುಗಿಸಿ ಜಗಳೂರಿನ ಸೊಸೆ ಹರಪನಹಳ್ಳಿಗೋ ಕೂಡ್ಲಿಗಿಗೋ ಹೋಗುತ್ತಾಳೆ. ಇಲ್ಲಿ ಬಿಪಿ ಜಾಸ್ತಿ ಅಂತ ಗುರುತಿಸಿದ ನರ್ಸ್ ಬೇರೆ, ಅಲ್ಲಿ ಹೆರಿಗೆ ಮಾಡಿಸುವವರು ಬೇರೆ. ಹೊಸ ಆಪ್ ಮಾಡಿಸುವ ಬದಲು ತಾಯಿ ಕಾರ್ಡ್‌ನಲ್ಲಿ ಆ ಮಾಹಿತಿ ಸರಿಯಾಗಿ ಬರೆದಿದೆಯಾ ನೋಡಿ. ಏಳನೇ ತಿಂಗಳ ತಪಾಸಣೆಯಲ್ಲೇ ತವರಿನ ಊರು, ಅಲ್ಲಿಯ ಫೋನ್ ನಂಬರ್ ಬರೆದುಕೊಳ್ಳುವ ಅಭ್ಯಾಸ ಮಾಡಿಸಿ. ಖರ್ಚು ಏನೂ ಇಲ್ಲ, ಉಪಯೋಗ ಬಹಳ.

ಹಂತ 2: ಕಾನೂನಿನ ಕಾಗದ

ವಿದೇಶಿ ಹಣ ಅಂದ ಮೇಲೆ ಎಫ್‌ಸಿಆರ್‌ಎ 2010, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬರುತ್ತದೆ. 2020ರ ತಿದ್ದುಪಡಿ ನಮ್ಮಂಥ ಜಿಲ್ಲೆಗಳ ಕೆಲಸದ ರೀತಿಯನ್ನೇ ಬದಲಿಸಿತು. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆ ಹಣ ತಂದು ಇಲ್ಲಿಯ ಸಣ್ಣ ಸಂಸ್ಥೆಗೆ ಒಂದಿಷ್ಟು ಹಂಚಬಹುದಿತ್ತು. ಈಗ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವ ಹಾಗೇ ಇಲ್ಲ. ನೋಂದಣಿ ನಿಮ್ಮ ಹೆಸರಲ್ಲೇ ಇರಬೇಕು, ಇಲ್ಲದಿದ್ದರೆ ದೊಡ್ಡ ಸಂಸ್ಥೆಯೇ ನೇರವಾಗಿ ಇಲ್ಲಿ ಸಿಬ್ಬಂದಿ ನೇಮಿಸಿ ಕೆಲಸ ಮಾಡಬೇಕು. ‘ಕನ್ಸಲ್ಟೆನ್ಸಿ ಬಿಲ್ ಹಾಕಿ ಕೊಡೋಣ’ ಅಂತ ಯಾರಾದರೂ ಸುಲಭದ ದಾರಿ ತೋರಿಸಿದರೆ ಒಪ್ಪಬೇಡಿ.

ನೆನಪಿಡಬೇಕಾದ್ದು ಇಷ್ಟು. ಹಣ ಮೊದಲು ಬಂದು ಬೀಳಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ನಿಮ್ಮ ಊರಿನ ಬ್ಯಾಂಕಿನ ಬಳಕೆ ಖಾತೆಗೆ ತರಿಸಿಕೊಳ್ಳಬಹುದು, ಆದರೆ ಆ ಖಾತೆಗೆ ಸ್ಥಳೀಯ ಹಣ ಒಂದು ರೂಪಾಯಿಯೂ ಸೇರಬಾರದು. ಬಡ್ಡಿಯೂ ವಿದೇಶಿ ದೇಣಿಗೆಯ ಲೆಕ್ಕಕ್ಕೇ ಬರುತ್ತದೆ. ಮಾರ್ಚ್‌ಗೆ ಮುಗಿಯುವ ವರ್ಷದ ವಿದೇಶಿ ದೇಣಿಗೆಯ ಲೆಕ್ಕ ಕೊಡುವ ಎಫ್‌ಸಿ-4 ವರದಿಯನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ನೋಂದಣಿ 5 ವರ್ಷಕ್ಕೆ ಮಾತ್ರ. ನವೀಕರಣದ ದಿನಾಂಕವನ್ನು ಕಚೇರಿ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕಿ. ಅದು ತಪ್ಪಿದರೆ ಮರುದಿನದಿಂದ ಸಂಬಳ ಕೊಡಲು ದಾರಿ ಇರುವುದಿಲ್ಲ.

ಆಡಳಿತ ವೆಚ್ಚ ಶೇ. 20 ಮೀರಬಾರದು. ಮೊದಲು ಶೇ. 50 ಇತ್ತು. ಬಾಡಿಗೆ, ಕರೆಂಟ್, ಫೋನ್, ವಾಹನದ ಖರ್ಚು, ಲೆಕ್ಕಪತ್ರದ ಖರ್ಚು, ಮ್ಯಾನೇಜರ್ ಸಂಬಳ ಎಲ್ಲ ಇದರೊಳಗೇ. ಆಸ್ಪತ್ರೆಯ ಡಾಕ್ಟರ್ ಸಂಬಳದ ಹಾಗೆ ಸಂಸ್ಥೆಯ ಉದ್ದೇಶಕ್ಕೇ ನೇರವಾಗಿ ಆಗುವ ಖರ್ಚು ಹೊರಗೆ. ಆದ್ದರಿಂದ ನಿಮ್ಮ ನರ್ಸ್ ಮೆಂಟರ್‌ಗಳ (ಪಿಎಚ್‌ಸಿಗೆ ಹೋಗಿ ಅಲ್ಲಿಯ ನರ್ಸ್‌ಗಳಿಗೆ ಕಲಿಸುವ ಅನುಭವಿ ನರ್ಸ್‌ಗಳ) ನೇಮಕ ಪತ್ರದಲ್ಲಿ ‘ಯೋಜನಾ ಸಂಯೋಜಕಿ’ ಅಂತ ಬರೆದು ಕೂರಬೇಡಿ. ಯಾವ ಪಿಎಚ್‌ಸಿಗೆ ಹೋಗಿ ಏನು ಮಾಡುತ್ತಾರೆ ಅಂತ ಬಿಡಿಸಿ ಬರೆಯಿರಿ, ಆಡಿಟರ್ ಅಭಿಪ್ರಾಯವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಗಮನಿಸಿ, ದಾನಿಯ ಒಪ್ಪಂದದಲ್ಲಿರುವ ‘ಪರೋಕ್ಷ ವೆಚ್ಚ’ ಬೇರೆ, ಈ ಶೇ. 20 ಬೇರೆ. ಎರಡಕ್ಕೂ ಪ್ರತ್ಯೇಕ ಲೆಕ್ಕ ಇಡಬೇಕು.

ಆಶಾ ಕಾರ್ಯಕರ್ತೆಯರಿಗೋ ಸರ್ಕಾರಿ ನರ್ಸ್‌ಗಳಿಗೋ ಪ್ರಾಜೆಕ್ಟ್ ಹಣದಿಂದ ಗೌರವಧನ ಕೊಡೋಣ ಅಂತ ಮನಸ್ಸಾಗುತ್ತದೆ. ಅವರು ಪಡುವ ಕಷ್ಟ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಸರ್ಕಾರಿ ನೌಕರರು ವಿದೇಶಿ ದೇಣಿಗೆ ಪಡೆಯುವುದಕ್ಕೆ ಕಾನೂನಿನಲ್ಲಿ ತಡೆ ಇದೆ. ಆಡಿಟರನ್ನೂ ಡಿಎಚ್‌ಓ ಅವರನ್ನೂ ಕೇಳದೆ ಒಂದು ಕವರ್ ಕೂಡ ಕೊಡಬೇಡಿ. ಊಟ, ಓಡಾಟ, ಕಲಿಕೆಯ ಸಾಮಗ್ರಿಯನ್ನು ಇಲಾಖೆಯ ಅನುಮತಿ ಪತ್ರದಲ್ಲೇ ನಮೂದಿಸಿಕೊಂಡರೆ ಯಾರಿಗೂ ತಲೆನೋವಿಲ್ಲ.

ಹಂತ 3: ಎಷ್ಟು ಜನ ಬೇಕು ಅನ್ನೋದನ್ನು ದಿನದ ಲೆಕ್ಕದಿಂದ ತೆಗೆಯಿರಿ

‘ತಾಲ್ಲೂಕಿಗೆ ಒಬ್ಬರು’ ಅನ್ನೋದು ಲೆಕ್ಕ ಅಲ್ಲ, ಅಂದಾಜು. ಹೀಗೆ ಮಾಡಿ ನೋಡಿ. ತಿಂಗಳಿಗೆ ಕೆಲಸದ ದಿನ 22 ಅಂತ ಇಟ್ಟುಕೊಳ್ಳಿ. ವರದಿ ಬರೆಯಲು 4, ಮೀಟಿಂಗಿಗೆ 2, ರಜೆ ಮತ್ತು ಅನಾರೋಗ್ಯಕ್ಕೆ 2 ಕಳೆಯಿರಿ. ಉಳಿದದ್ದು 14. ಒಂದು ಹೆರಿಗೆ ಕೇಂದ್ರದಲ್ಲಿ ತಿಂಗಳಿಗೆ ಎರಡು ಪೂರ್ತಿ ದಿನವಾದರೂ ಇರಬೇಕು, ಯಾಕೆಂದರೆ ಒಂದು ದಿನ ಹೋದರೆ ಒಂದು ಶಿಫ್ಟಿನವರು ಮಾತ್ರ ಸಿಗುತ್ತಾರೆ. ಅಲ್ಲಿಗೆ ಒಬ್ಬ ಮೆಂಟರ್ ನೋಡಿಕೊಳ್ಳಬಹುದಾದ್ದು 7 ಕೇಂದ್ರ. ನಿಮ್ಮ ಪಟ್ಟಿಯಲ್ಲಿ 16 ಕೇಂದ್ರ ಇದ್ದರೆ 3 ಜನ ಬೇಕು. ಇಬ್ಬರಿಗೇ ದುಡ್ಡಿದೆ ಅಂದರೆ ಕೇಂದ್ರಗಳನ್ನು 14ಕ್ಕೆ ಇಳಿಸಿ. ಭೇಟಿಯ ದಿನಗಳಿಗೆ ಮಾತ್ರ ಕೈ ಹಾಕಬೇಡಿ. ಅರ್ಧ ಗಂಟೆ ಮುಖ ತೋರಿಸಿ ರಿಜಿಸ್ಟರ್‌ಗೆ ಸಹಿ ಹಾಕಿ ಬರುವ ಭೇಟಿಯಿಂದ ಯಾವ ತಾಯಿಗೂ ಉಪಯೋಗ ಇಲ್ಲ.

ಮೆಂಟರ್ ಆಗುವವರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್‌ಸಿ ನರ್ಸಿಂಗ್ ಓದಿ, ಹೆರಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರೇ ಆಗಿರಬೇಕು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದಿದವರು ಊರಿನ ಕೆಲಸಕ್ಕೆ ಒಳ್ಳೆಯವರು, ಆದರೆ ‘ಮ್ಯಾಗ್‌ಸಲ್ಫ್ (ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್) ಹೀಗೆ ಕೊಡಿ’ ಅಂತ ಅವರು ಹೇಳಿದರೆ ಇಪ್ಪತ್ತು ವರ್ಷದ ಸಿಸ್ಟರ್ ಯಾಕೆ ಕೇಳಬೇಕು? ಸಂದರ್ಶನವನ್ನು ಕಚೇರಿಯಲ್ಲಿ ಮಾತಾಡಿಸಿ ಮುಗಿಸಬೇಡಿ. ಒಂದು ಖಾಲಿ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ನಕ್ಷೆ) ಕೊಟ್ಟು, ಒಂದು ಹೆರಿಗೆಯ ವಿವರ ಓದಿ ಹೇಳಿ, ತುಂಬಿಸಲು ಹೇಳಿ. ಆಮೇಲೆ ಅದನ್ನೇ ಹೊಸ ನರ್ಸ್‌ಗೆ ಕಲಿಸುವ ಹಾಗೆ ನಿಮಗೆ ಕಲಿಸಲು ಹೇಳಿ. ಬರುವುದು ಬೇರೆ, ಬೈಯದೆ ಕಲಿಸಲು ಬರುವುದು ಬೇರೆ.

ಭಾಷೆಯನ್ನು ಮರೀಬೇಡಿ. ಮೊಳಕಾಲ್ಮೂರು, ಚಳ್ಳಕೆರೆಯ ಆಂಧ್ರ ಗಡಿ ಹಳ್ಳಿಗಳಲ್ಲಿ ತೆಲುಗು ಬೇಕು. ತಾಂಡಾಗಳಲ್ಲಿ ಲಂಬಾಣಿ ಬಂದರೆ ಮಾತು ಬೇಗ ಹತ್ತಿರವಾಗುತ್ತದೆ. ದಾವಣಗೆರೆ, ಹರಿಹರದ ಪೇಟೆಯಲ್ಲಿ ಉರ್ದು. ಒಬ್ಬರಿಗೇ ಎಲ್ಲ ಬರಬೇಕಿಲ್ಲ, ತಂಡದಲ್ಲಿ ಎಲ್ಲ ಇರಲಿ.

ಗೊಲ್ಲರಹಟ್ಟಿಗಳ ಬಗ್ಗೆ ಒಂದು ಮಾತು. ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಇನ್ನೂ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೂ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಅಲ್ಲಿ ಆ ‘ಮನೆ’ ಹಟ್ಟಿಯ ಆಚೆ ಇದೆ. ಹೊಸ ಸಿಬ್ಬಂದಿ ಮೊದಲ ದಿನವೇ ಹೋಗಿ ಹಿರಿಯರಿಗೆ ಭಾಷಣ ಮಾಡಿದರೆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ಮೊದಲು ಆ ಹೆಣ್ಣುಮಗಳ ಹತ್ತಿರ ಹೋಗಿ ಕೂತು, ಜ್ವರ ಇದೆಯಾ, ಎಷ್ಟು ಬಟ್ಟೆ ನೆನೆಯುತ್ತಿದೆ, ಹೊಟ್ಟೆ ತುಂಬ ಊಟ ಸಿಗುತ್ತಿದೆಯಾ ಕೇಳಲಿ. ಈ ಭೇಟಿಗಳಿಗೆ ಆಶಾ ಜೊತೆ ಹೋಗಿಬರುವ ದಿನಗಳನ್ನು ಕೆಲಸದ ಪಟ್ಟಿಯಲ್ಲೇ ಸೇರಿಸಿ.

ಹಂತ 4: ಸಂಬಳದ ನಿಜವಾದ ಲೆಕ್ಕ

ಬಜೆಟ್‌ನಲ್ಲಿ ‘ಮೆಂಟರ್ 32,000 × 12’ ಅಂತ ಬರೆದು ಮುಗಿಸುವವರು ಬಹಳ. ಲೆಕ್ಕಕ್ಕೆ ಅಂತ ಇದೇ ಸಂಬಳ ತೆಗೆದುಕೊಳ್ಳೋಣ, ಬೇಸಿಕ್ 16,000 ಇರಲಿ. ಪಿಎಫ್ 15,000 ಮಿತಿಯ ಮೇಲೆ ಸಂಸ್ಥೆಯ ಪಾಲು ಶೇ. 12, ವಿಮೆ ಮತ್ತು ನಿರ್ವಹಣೆ ಶುಲ್ಕ ಸೇರಿ ಶೇ. 13, ಅಂದರೆ 1,950. ಗ್ರಾಚ್ಯುಟಿಗೆ ಬೇಸಿಕ್‌ನ ಶೇ. 4.81, ಸುಮಾರು 770. ಒಟ್ಟು 34,720. ಮೂವರಿಗೆ ವರ್ಷಕ್ಕೆ 98 ಸಾವಿರದಷ್ಟು ವ್ಯತ್ಯಾಸ. ಇದನ್ನು ಮೊದಲೇ ಇಡದಿದ್ದರೆ ಕೊನೆಗೆ ತರಬೇತಿ ಹಣಕ್ಕೇ ಕತ್ತರಿ ಬೀಳುತ್ತದೆ. ಸಂಸ್ಥೆಯಲ್ಲಿ 20 ಜನ ಆದರೆ ಪಿಎಫ್, 10 ಜನ ಆದರೆ ಇಎಸ್‌ಐ ಕಡ್ಡಾಯ ಆಗುತ್ತದೆ. ಇಎಸ್‌ಐ 21,000 ಸಂಬಳದವರೆಗೆ ಮಾತ್ರ, ಹಾಗಾಗಿ ಅದಕ್ಕಿಂತ ಮೇಲಿನವರಿಗೆ ಗುಂಪು ಆರೋಗ್ಯ ವಿಮೆ ಮಾಡಿಸಿ. ಗಾಡಿಯಲ್ಲಿ ಓಡಾಡುವ ಎಲ್ಲರಿಗೂ ಅಪಘಾತ ವಿಮೆ, ಹೆಲ್ಮೆಟ್ ಬೇಕೇ ಬೇಕು.

ಈಗ ಮುಖ್ಯವಾದದ್ದು. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕೊಡಲೇಬೇಕು. ಇದು 2017ರಿಂದ ಇರುವ ನಿಯಮ. ತಾಯಂದಿರ ಆರೋಗ್ಯಕ್ಕೆ ಅಂತಲೇ ಇರುವ ಯೋಜನೆಯೊಂದರಲ್ಲಿ ಫೀಲ್ಡ್ ಹುಡುಗಿಯ ಗುತ್ತಿಗೆಯನ್ನು ಆರನೇ ತಿಂಗಳಿಗೆ ‘ಮುಗಿಸಿದ್ದನ್ನು’ ನಾನು ಕಂಡಿದ್ದೇನೆ. ದಾನಿ ಸಂಸ್ಥೆಯ ಬಜೆಟ್‌ನಲ್ಲಿ ಅವಕಾಶ ಇರಲಿಲ್ಲವಂತೆ. ಅಂಥ ಯೋಜನೆ ಯಾವ ಮುಖ ಇಟ್ಟುಕೊಂಡು ಹಳ್ಳಿಯ ಅತ್ತೆಯಂದಿರಿಗೆ ‘ಗರ್ಭಿಣಿಗೆ ವಿಶ್ರಾಂತಿ ಕೊಡಿ’ ಅಂತ ಹೇಳುತ್ತದೆ? ಇಪ್ಪತ್ತು ಮೂವತ್ತರ ವಯಸ್ಸಿನ ಹೆಣ್ಣುಮಕ್ಕಳೇ ಜಾಸ್ತಿ ಇರುವ ತಂಡದಲ್ಲಿ ವರ್ಷಕ್ಕೆ ಒಬ್ಬರಾದರೂ ಹೆರಿಗೆ ರಜೆಗೆ ಹೋಗುತ್ತಾರೆ ಅಂತಲೇ ಬಜೆಟ್ ಮಾಡಿ, ಬದಲಿಯವರ ಸಂಬಳ ಸಮೇತ. ದಾನಿ ಕೇಳಿದರೆ ಕಾನೂನಿನ ಸೆಕ್ಷನ್ ತೋರಿಸಿ, ಒಪ್ಪುತ್ತಾರೆ.

10 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿಯೂ ಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಸಿಬ್ಬಂದಿ, ಜೊತೆಗೆ ಹೊರಗಿನ ಒಬ್ಬ ಸದಸ್ಯರು. ಫೀಲ್ಡ್‌ನಲ್ಲಿ ನಡೆದದ್ದೂ ಇದರ ವ್ಯಾಪ್ತಿಗೆ ಬರುತ್ತದೆ ಅಂತ ಸೇರಿದ ದಿನವೇ ಕನ್ನಡದಲ್ಲಿ ತಿಳಿಸಿ.

ಹಂತ 5: ತರಬೇತಿ ಹಾಲ್‌ನಲ್ಲಿ ಅಲ್ಲ, ಹೆರಿಗೆ ಟೇಬಲ್ ಪಕ್ಕದಲ್ಲಿ

ನಮ್ಮಲ್ಲಿ ತರಬೇತಿ ಅಂದರೆ ದಾವಣಗೆರೆಯ ಒಂದು ಹೋಟೆಲ್ ಹಾಲ್, ಬ್ಯಾಗು, ಪೆನ್ನು, ಪವರ್‌ಪಾಯಿಂಟ್, ಮಧ್ಯಾಹ್ನ ಊಟ, ಸಂಜೆ ಗ್ರೂಪ್ ಫೋಟೋ. ವರದಿಯಲ್ಲಿ ‘ಇಷ್ಟು ಜನರಿಗೆ ತರಬೇತಿ ನೀಡಲಾಯಿತು’ ಅಂತ ಬರುತ್ತದೆ. ಆ ಎರಡು ದಿನ ಪಿಎಚ್‌ಸಿಯಲ್ಲಿ ಯಾರಿದ್ದರು ಅಂತ ಯಾರೂ ಕೇಳುವುದಿಲ್ಲ.

ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ನಡೆದ ಬೆಟರ್‌ಬರ್ತ್ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟ್ ಕೊಟ್ಟು, ಪಕ್ಕದಲ್ಲಿ ನಿಂತು ಕಲಿಸುವವರನ್ನು 8 ತಿಂಗಳು ಕಳಿಸಿದ್ದರು. ಶುರುವಾದ ಎರಡು ತಿಂಗಳಿಗೆ ಮಾಡಬೇಕಾದ ಕೆಲಸಗಳಲ್ಲಿ ಶೇ. 73ರಷ್ಟನ್ನು ಸರಿಯಾಗಿ ಮಾಡುತ್ತಿದ್ದರು. ಕಲಿಸುವವರು ಇಲ್ಲದ ಆಸ್ಪತ್ರೆಗಳಲ್ಲಿ ಅದು ಶೇ. 42. ಕಲಿಸುವವರು ಬರುವುದು ನಿಂತ ಮೇಲೆ, ಹನ್ನೆರಡನೇ ತಿಂಗಳಿಗೆ, ಆ 73 ಇಳಿದು ಶೇ. 62 ಆಯಿತು. ತಾಯಿ-ಮಗುವಿನ ಸಾವು ಕಡಿಮೆ ಆಗಲಿಲ್ಲ. ಇದರಿಂದ ನಾನು ಕಲಿತದ್ದು ಎರಡು. ಪಕ್ಕದಲ್ಲಿ ನಿಂತು ಕಲಿಸಿದರೆ ಅಭ್ಯಾಸ ಬದಲಾಗುತ್ತದೆ, ನಿಲ್ಲಿಸಿದರೆ ಜಾರುತ್ತದೆ. ಮತ್ತೆ, ಅಭ್ಯಾಸ ಒಂದೇ ಸಾಲದು, ಔಷಧಿ, ರಕ್ತ, ರೆಫರಲ್ ಜೊತೆಗೆ ಬರಬೇಕು.

ನಮ್ಮ ರಾಜ್ಯದಲ್ಲೇ ಸುಕ್ಷೇಮ ಯೋಜನೆ ಈ ದಾರಿ ತೋರಿಸಿದೆ. ಗೇಟ್ಸ್ ಫೌಂಡೇಶನ್ ನೆರವಿನಲ್ಲಿ ಕೆಎಚ್‌ಪಿಟಿ (ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್) ಮತ್ತು ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯ ಸರ್ಕಾರದ ಜೊತೆ ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ ಮಾಡಿದ ಕೆಲಸ ಅದು. ಅನುಭವಿ ನರ್ಸ್‌ಗಳೇ ಮೆಂಟರ್ ಆಗಿ ಬಳ್ಳಾರಿ, ಕಲಬುರಗಿಯ ಪಿಎಚ್‌ಸಿಗಳಿಗೆ ಹೋಗಿ ಅಲ್ಲಿಯ ನರ್ಸ್‌ಗಳ ಜೊತೆ ಕೆಲಸ ಮಾಡಿದರು. ಬಳ್ಳಾರಿಯಲ್ಲಿ ಆಗಿದ್ದು ಪಕ್ಕದ ಮೊಳಕಾಲ್ಮೂರಿನಲ್ಲಿ ಯಾಕಾಗಬಾರದು?

ಹಾಗಾದರೆ ಒಂದು ಭೇಟಿಯಲ್ಲಿ ಏನು ಮಾಡಬೇಕು? ನಾನು ಎಲ್ಲರಿಗೂ ಹೇಳುವುದು ಅಣಕು ಅಭ್ಯಾಸದಿಂದ ಶುರು ಮಾಡಿ ಅಂತ. ಮಧ್ಯಾಹ್ನ ಹೆರಿಗೆ ಕೋಣೆ ಖಾಲಿ ಇದ್ದಾಗ, ಡ್ಯೂಟಿ ನರ್ಸ್‌ಗೆ ಹೇಳಿ: ‘ಸಿಸ್ಟರ್, ಈಗ ಹೆರಿಗೆ ಆಯ್ತು, ರಕ್ತ ನಿಲ್ತಿಲ್ಲ.’ ಗಡಿಯಾರ ನೋಡಿ. ಆಕ್ಸಿಟೋಸಿನ್ (ಗರ್ಭಕೋಶ ಕುಗ್ಗಿಸಿ ರಕ್ತ ನಿಲ್ಲಿಸುವ ಇಂಜೆಕ್ಷನ್) ಎಲ್ಲಿದೆ? ಫ್ರಿಜ್ಜಿನಲ್ಲಿ, ಸರಿ, ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಫ್ರಿಜ್ಜಿನ ಕೀ? ಫಾರ್ಮಸಿಸ್ಟ್ ಹತ್ತಿರ. ಫಾರ್ಮಸಿಸ್ಟ್ ಎಲ್ಲಿ? ಡ್ಯೂಟಿ ಮುಗಿಸಿ ಮನೆಗೆ ಹೋದರು. ಇಲ್ಲಿಗೆ ನಿಮ್ಮ ಆ ತಿಂಗಳ ತರಬೇತಿಯ ಅರ್ಧ ಮುಗಿಯಿತು. ಯಾವ ಪವರ್‌ಪಾಯಿಂಟ್ ಕೂಡ ಆ ಕೀಲಿಕೈ ವಿಷಯ ಹೇಳುತ್ತಿರಲಿಲ್ಲ. ಇನ್ನೊಂದು ಕೀ ಮಾಡಿಸಿ ಹೆರಿಗೆ ಕೋಣೆಯಲ್ಲಿ ತೂಗುಹಾಕಲು ಖರ್ಚೆಷ್ಟು? ವೈದ್ಯಾಧಿಕಾರಿಗೆ ಅಲ್ಲೇ ಹೇಳಿ, ಅವತ್ತೇ ಮಾಡಿಸಿ.

ಫಿಟ್ಸ್‌ಗೂ ಹೀಗೇ. ರೆಫರ್ ಮಾಡುವ ಮುಂಚೆ ಪಿಎಚ್‌ಸಿಯಲ್ಲಿ ಕೊಡಬೇಕಾದ ಮ್ಯಾಗ್ನೀಸಿಯಂ ಸಲ್ಫೇಟ್ 10 ಗ್ರಾಂ, ಎರಡೂ ಪಿರ್ರೆಗೆ 5–5 ಗ್ರಾಂ. ಸಾಮಾನ್ಯವಾಗಿ ಸಿಗುವ 2 ಮಿ.ಲೀ. ಆಂಪೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಅಂದರೆ 10 ಆಂಪೂಲ್ ಒಡೆದು ಎಳೆಯಬೇಕು. ಮುಂದೆ ಹೆಂಗಸು ಒದ್ದಾಡುತ್ತಿರುವಾಗ, ಒಬ್ಬಳೇ ನರ್ಸ್, ರಾತ್ರಿ ಹೊತ್ತು. ಇದನ್ನು ಕೈಯಲ್ಲಿ ಮಾಡಿ ರೂಢಿ ಆಗಿರಬೇಕು. ಅವಧಿ ಮುಗಿದ ಆಂಪೂಲ್‌ಗಳನ್ನು ಅಭ್ಯಾಸಕ್ಕೆ ಅಂತ ಗುರುತು ಹಾಕಿ, ಬೇರೆ ಡಬ್ಬಿಯಲ್ಲಿ, ಮೆಂಟರ್ ಬ್ಯಾಗಿನಲ್ಲೇ ಇಡಿ. ಅವು ಔಷಧಿ ಕಪಾಟಿನ ಹತ್ತಿರಕ್ಕೂ ಹೋಗಬಾರದು.

ರಕ್ತಸ್ರಾವದ ವಿಷಯದಲ್ಲಿ ಇ-ಮೋಟಿವ್ ಅಧ್ಯಯನದ ಬಗ್ಗೆ ನಿಮ್ಮ ತಂಡಕ್ಕೆ ಹೇಳಲೇಬೇಕು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಕೂಡಲೇ ಅಳತೆ ಗುರುತಿರುವ ಪ್ಲಾಸ್ಟಿಕ್ ಹಾಳೆ ಹಾಕಿ ರಕ್ತವನ್ನು ಅಳೆಯುವುದು, ಜಾಸ್ತಿ ಆಯಿತು ಅಂದರೆ ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್ (ಇದೂ ರಕ್ತ ನಿಲ್ಲಿಸುವ ಔಷಧಿ), ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡುವುದು. ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ಶೇ. 60ರಷ್ಟು ಇಳಿದವು. ಕಣ್ಣಂದಾಜಿನಲ್ಲಿ ‘ಸ್ವಲ್ಪ ಹೋಗಿದೆ’ ಅನ್ನೋದಕ್ಕೂ ಅಳೆದು ನೋಡುವುದಕ್ಕೂ ಇಷ್ಟು ವ್ಯತ್ಯಾಸ. ಇಂಥ ಅಳತೆಯ ಹಾಳೆಯನ್ನು ನಮ್ಮ ಬೆಳಗಾವಿಯ ಸಂಶೋಧಕರು ಇದಕ್ಕೂ ಎಷ್ಟೋ ಮುಂಚೆಯೇ ಬಳಸಿದ್ದರು. ಅಲ್ಲಿಯ ಹಳ್ಳಿಗಳಲ್ಲಿ ಎಎನ್‌ಎಂಗಳ (ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರ) ಕೈಯಲ್ಲಿ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಿಸಿ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಗಿತ್ತು. ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. ‘ಇದೆಲ್ಲ ಫಾರಿನ್‌ನಲ್ಲಿ ಆಗುತ್ತೆ’ ಅನ್ನುವವರಿಗೆ ಬೆಳಗಾವಿಯ ಹೆಸರು ಹೇಳಿ.

ಕ್ಯಾಲೆಂಡರ್ ಹಾಕುವಾಗ ಪ್ರತಿ ತಿಂಗಳ 9ನೇ ತಾರೀಖು ಬಿಡಿ, ಅವತ್ತು ಪಿಎಂಎಸ್‌ಎಂಎ ಯೋಜನೆಯಲ್ಲಿ ಗರ್ಭಿಣಿಯರ ಉಚಿತ ತಪಾಸಣೆ. ಗುರುವಾರ ಲಸಿಕೆ ದಿನ, ಬಿಡಿ. ಮಾರ್ಚ್ ಕೊನೆ ಇಲಾಖೆಯ ಲೆಕ್ಕ ಮುಗಿಸುವ ಸಮಯ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಹೊತ್ತಿಗೆ ಚಳ್ಳಕೆರೆ ಕಡೆಯ ಆರೋಗ್ಯ ಸಿಬ್ಬಂದಿಯೆಲ್ಲ ಜಾತ್ರೆ ಡ್ಯೂಟಿಯಲ್ಲಿರುತ್ತಾರೆ. ಶೇಂಗಾ, ಮೆಕ್ಕೆಜೋಳ ಬಿತ್ತನೆ ಸಮಯದಲ್ಲಿ ತಾಯಂದಿರ ಸಭೆ ಕರೆದರೆ ಕುರ್ಚಿಗಳಷ್ಟೇ ಇರುತ್ತವೆ.

ಏನನ್ನು ಅಳೆಯಬೇಕು? ‘ತರಬೇತಿ ಪಡೆದವರ ಸಂಖ್ಯೆ’ ಬೇಡ. ಹೆರಿಗೆಯಾದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟಿದ್ದು ಎಷ್ಟು ಜನಕ್ಕೆ, ಬಂದ ಕೂಡಲೇ ಬಿಪಿ ನೋಡಿದ್ದು ಎಷ್ಟು ಜನಕ್ಕೆ, ರಕ್ತ ಅಳೆದದ್ದು, ಚೀಟಿ ಬರೆದು ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ರೆಫರ್ ಮಾಡಿದ್ದು. ಈ ನಾಲ್ಕು ಸಾಕು. ಕೇಸ್ ಶೀಟ್‌ನಲ್ಲೇ ಸಿಗುತ್ತವೆ. ಆಶಾಗೋ ನರ್ಸ್‌ಗೋ ಇನ್ನೊಂದು ರಿಜಿಸ್ಟರ್ ಹೊರಿಸಬೇಡಿ, ದಯವಿಟ್ಟು.

ಹಂತ 6: ಬಜೆಟ್

ಅನುದಾನ ಡಾಲರ್‌ನಲ್ಲಿ, ಖರ್ಚು ರೂಪಾಯಿಯಲ್ಲಿ. 60,000 ಡಾಲರ್ ಯೋಜನೆಯಲ್ಲಿ ವಿನಿಮಯ ದರ ನೀವು ಅಂದುಕೊಂಡದ್ದಕ್ಕಿಂತ ಒಂದು ರೂಪಾಯಿ ಇಳಿದರೆ 60,000 ರೂಪಾಯಿ ಹೋಯಿತು. ಅದು ಒಬ್ಬ ಮೆಂಟರ್‌ನ ಒಂದೂವರೆ ತಿಂಗಳ ಸಂಬಳಕ್ಕಿಂತ ಜಾಸ್ತಿ. ಬಜೆಟ್ ಮಾಡುವಾಗ ಇವತ್ತಿನ ದರಕ್ಕಿಂತ ಕಡಿಮೆ ದರ ಹಿಡಿಯಿರಿ. ದರ ಏರಿದರೆ ಬರುವ ಹೆಚ್ಚುವರಿಯನ್ನು ಯಾವುದಕ್ಕೆ ಬಳಸಬಹುದು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ದಾನಿಯ ವರ್ಷ ನಮ್ಮದಲ್ಲ. ಅಮೆರಿಕ ಸರ್ಕಾರದ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್, ಎಷ್ಟೋ ಫೌಂಡೇಶನ್‌ಗಳದ್ದು ಜನವರಿಯಿಂದ ಡಿಸೆಂಬರ್. ನಮ್ಮ ಆಡಿಟ್ ಏಪ್ರಿಲ್‌ನಿಂದ ಮಾರ್ಚ್. ಟ್ಯಾಲಿಯಲ್ಲಿ ಪ್ರತಿ ವೋಚರ್‌ಗೂ ಪ್ರಾಜೆಕ್ಟ್ ಕೋಡ್ ಮತ್ತು ಬಜೆಟ್ ಸಾಲಿನ ಕೋಡ್ ಮೊದಲ ದಿನದಿಂದಲೇ ಹಾಕಿದರೆ ಯಾವ ತಿಂಗಳಿಗೆ ಬೇಕಾದರೂ ವರದಿ ತೆಗೆಯಬಹುದು.

ಓಡಾಟದ ಸಾಲು ನಮ್ಮ ಕಡೆ ಸ್ವಲ್ಪ ವಿಶೇಷ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಶೂನ್ಯ ಟಿಕೆಟ್‌ಗೆ ಹಣ ಕ್ಲೇಮ್ ಮಾಡುವ ಹಾಗಿಲ್ಲ, ಅದು ಸರಿ. ಆದರೆ ದಾವಣಗೆರೆ, ಚಿತ್ರದುರ್ಗದ ಎಷ್ಟೋ ಹಳ್ಳಿಗಳಿಗೆ ಈಗಲೂ ಖಾಸಗಿ ಬಸ್ಸೇ ಗತಿ, ಆಮೇಲೆ ಆಟೋ. ‘ಹೆಂಗಸರಿಗೆ ಬಸ್ ಫ್ರೀ ಅಲ್ವಾ’ ಅಂತ ಈ ಸಾಲನ್ನೇ ಹೊಡೆದು ಹಾಕುವ ಅಕೌಂಟೆಂಟ್‌ಗಳಿದ್ದಾರೆ. ಅವರನ್ನು ಒಂದು ದಿನ ಮೆಂಟರ್ ಜೊತೆ ಕಳಿಸಿ, ಕೊನೇ ಬಸ್ ತಪ್ಪಿದರೆ ಏನಾಗುತ್ತದೆ ಅಂತ ಅವರೇ ನೋಡಲಿ. ಸಂಜೆಯ ನಂತರ ಬಾಡಿಗೆ ಗಾಡಿ ಮಾಡಿಕೊಂಡು ಬರಲು ಯಾರ ಅನುಮತಿಯೂ ಬೇಡ ಅಂತ ನಿಯಮ ಮಾಡಿ.

ಮುಂಗಡ ಕೊಡಿ. ಫೀಲ್ಡ್ ಸಿಬ್ಬಂದಿ ಸ್ವಂತ ದುಡ್ಡು ಹಾಕಿ ಎರಡು ತಿಂಗಳು ಕಾಯುವಂತೆ ಆಗಬಾರದು. ತಿಂಗಳ 1ಕ್ಕೆ ಮುಂಗಡ, 25ಕ್ಕೆ ಲೆಕ್ಕ, 30ರೊಳಗೆ ಬಾಕಿ ಜಮಾ. ಅಂಗಡಿಯ ಕಚ್ಚಾ ಬಿಲ್ಲು ಬೇಡ, ಜಿಎಸ್‌ಟಿ ಇರುವ ಕಡೆ ಪಕ್ಕಾ ಬಿಲ್ಲೇ ತನ್ನಿ. ಸಂಜೆ ಅಭ್ಯಾಸದ ನಂತರ ಮಂಡಕ್ಕಿ ಮೆಣಸಿನಕಾಯಿ ತರಿಸಿದರೆ ಗಾಡಿಯವನ ಹತ್ತಿರ ಬಿಲ್ಲು ಸಿಗಲ್ಲ. ಅಂಥದಕ್ಕೆ ಸಣ್ಣ ಮಿತಿಯೊಳಗೆ ಸ್ವಯಂ ಘೋಷಣೆಯ ವೋಚರ್ ಇರಲಿ, ಎಷ್ಟು ಜನ, ಎಲ್ಲಿ, ಯಾಕೆ ಅಂತ ಬರೆದು ಸಹಿ ಹಾಕಿಸಿ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಡಬೇಡಿ.

ಪ್ರತಿ ತಿಂಗಳು ಮೊದಲ ವಾರ ಮೂವರೂ, ಅಂದರೆ ಮೆಂಟರ್‌ಗಳ ಮುಖ್ಯಸ್ಥೆ, ಅಕೌಂಟೆಂಟ್, ನೀವು, ಒಂದು ಗಂಟೆ ಒಟ್ಟಿಗೆ ಕೂತು ಒಂದೇ ಹಾಳೆ ನೋಡಿ. ಇಷ್ಟು ಭೇಟಿ ಆಗಬೇಕಿತ್ತು, ಇಷ್ಟಾಯಿತು, ಇಷ್ಟು ಖರ್ಚಾಯಿತು. ಓಡಾಟದ ಖರ್ಚು ಕಡಿಮೆಯಾಗಿದ್ದರೆ ಖುಷಿಪಡಬೇಡಿ, ಯಾವ ಕೇಂದ್ರಕ್ಕೆ ಹೋಗಿಲ್ಲ ಅಂತ ಕೇಳಿ. ಒಂದು ಸಾಲಿನಿಂದ ಇನ್ನೊಂದಕ್ಕೆ ಹಣ ಬದಲಿಸಲು ಎಷ್ಟು ಶೇಕಡಾ ತನಕ ಅನುಮತಿ ಬೇಡ ಅನ್ನೋದು ಒಪ್ಪಂದದಲ್ಲಿ ಇರುತ್ತದೆ, ಅದನ್ನು ಮೀರುವ ಮುಂಚೆಯೇ ಮೇಲ್ ಹಾಕಿ. ಆದ ಮೇಲೆ ಹೇಳಿದರೆ ಅದು ಆಕ್ಷೇಪಣೆ.

ಫೋಟೋ ವಿಷಯ ಬಜೆಟ್‌ಗೆ ಸೇರಿದ್ದಲ್ಲ, ಆದರೆ ದುಡ್ಡಿನ ಜೊತೆಗೇ ಬರುತ್ತದೆ. ದಾನಿಗಳು ಬಾಣಂತಿಯ ಫೋಟೋ, ಕಥೆ ಕೇಳುತ್ತಾರೆ. ಹೆರಿಗೆ ಕೋಣೆಯೊಳಗೆ ಕ್ಯಾಮೆರಾ ಬೇಡವೇ ಬೇಡ. ಹೊರಗಡೆಯೂ ಅವಳು ಕನ್ನಡದಲ್ಲಿ ಓದಿ, ಅಥವಾ ಓದಿಸಿ ಕೇಳಿ, ಒಪ್ಪಿದರೆ ಮಾತ್ರ.

ಹಂತ 7: ಒಬ್ಬ ತಾಯಿ ತೀರಿಕೊಂಡಾಗ

ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಇದು ಆಗುತ್ತದೆ. ಆಗ ಮ್ಯಾನೇಜರ್ ಆಗಿ ನೀವು ಮಾಡುವ ಮೊದಲ ಫೋನ್ ‘ವರದಿ ಎಲ್ಲಿ’ ಅಂತ ಇರಬಾರದು. ಮೆಂಟರ್ ಎಲ್ಲಿದ್ದಾರೆ, ಊಟ ಮಾಡಿದ್ದಾರಾ, ಒಬ್ಬರೇ ಇದ್ದಾರಾ ಕೇಳಿ. ಎರಡು ದಿನ ಭೇಟಿ ಬಿಡಿಸಿ. ಹಿರಿಯ ಮೆಂಟರ್ ಒಬ್ಬರು ಅವರ ಮನೆಗೆ ಹೋಗಿ ಬರಲಿ. ಇಂಥ ದಿನಗಳ ನಂತರವೇ ಒಳ್ಳೆಯ ನರ್ಸ್‌ಗಳು ಕೆಲಸ ಬಿಡುವುದು.

ತಾಯಿ ಮರಣದ ಪರಿಶೀಲನೆಗೆ ಇಲಾಖೆಯದೇ ವ್ಯವಸ್ಥೆ ಇದೆ. ಅದು ಯಾರ ತಲೆಯ ಮೇಲೆ ತಪ್ಪು ಹೊರಿಸಲಿ ಅಂತ ಹುಡುಕುವುದಕ್ಕಲ್ಲ, ಎಲ್ಲಿ ತಡವಾಯಿತು ಅಂತ ತಿಳಿಯುವುದಕ್ಕೆ. ಮನೆಯಿಂದ ಹೊರಡಲು ತಡವಾಯಿತಾ, ಗಾಡಿ ಸಿಗಲಿಲ್ಲವಾ, ಆಸ್ಪತ್ರೆಗೆ ಬಂದ ಮೇಲೆ ಕಾಯಿಸಿದರಾ? ಕರೆದರೆ ಹೋಗಿ, ಕೇಳಿದ ಮಾಹಿತಿ ಕೊಡಿ. ನೀವಾಗಿಯೇ ಪತ್ರಿಕೆಯವರ ಮುಂದೆ ಮಾತಾಡಬೇಡಿ. ತಂಡದೊಳಗೆ ಮಾತ್ರ ಒಂದು ವಾರದ ನಂತರ ಕೂತು, ಆ ತಡವಾದ ಜಾಗ ನಮ್ಮ ಕೆಲಸದ ವ್ಯಾಪ್ತಿಯಲ್ಲಿ ಬರುತ್ತದಾ ಅಂತ ಕೇಳಿಕೊಳ್ಳಿ. ಬಂದರೆ ಮುಂದಿನ ತಿಂಗಳ ಅಭ್ಯಾಸ ಅದೇ.

ಹಂತ 8: ಹಣ ನಿಲ್ಲುವ ದಿನಕ್ಕೆ ಮೊದಲ ದಿನವೇ ತಯಾರಿ

2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಕೆಲಸ ನಿಲ್ಲಿಸಿ ಅನ್ನುವ ಪತ್ರಗಳು ಲೋಕದ ತುಂಬ ಹೋದವು. ಆ ವರ್ಷ ಜುಲೈ 1ಕ್ಕೆ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿ ನೆರವು ಕಾರ್ಯಕ್ರಮ ನಡೆಸುವುದನ್ನೇ ನಿಲ್ಲಿಸಿತು. ಮೂರು ವರ್ಷದ ಒಪ್ಪಂದ ಇದೆ ಅಂತ ನೆಮ್ಮದಿಯಾಗಿದ್ದವರ ಸಂಬಳ ಒಂದು ಪತ್ರದಲ್ಲಿ ಹೋಯಿತು.

ಹಾಗಾಗಿ ಸ್ಥಳೀಯ ದೇಣಿಗೆಯಿಂದ, ಬೇರೆ ಖಾತೆಯಲ್ಲಿ, ಎಲ್ಲ ಸಿಬ್ಬಂದಿಗೆ ಮೂರು ತಿಂಗಳ ಸಂಬಳದಷ್ಟು ಹಣ ಕೂಡಿಸುವ ಗುರಿ ಇಟ್ಟುಕೊಳ್ಳಿ. ದಾವಣಗೆರೆಯಲ್ಲಿ ಕೊಡುವ ಕೈಗಳು ಬಹಳ ಇವೆ: ವರ್ತಕರು, ವೈದ್ಯರು, ಹೊರಗೆ ಹೋಗಿ ನೆಲೆಸಿದ ಊರಿನ ಮಕ್ಕಳು. ಕೇಳಲು ಸಂಕೋಚ ಬೇಡ.

ಇನ್ನು ಇಲಾಖೆಗೆ ಹಸ್ತಾಂತರ. ಮೊದಲ ವರ್ಷದಲ್ಲೇ ಪ್ರತಿ ಕೇಂದ್ರದಿಂದ ಚುರುಕಾದ ಒಬ್ಬ ಸರ್ಕಾರಿ ನರ್ಸ್‌ನ್ನು ಗುರುತಿಸಿ, ಅಣಕು ಅಭ್ಯಾಸವನ್ನು ಅವರೇ ನಡೆಸುವಂತೆ ಮಾಡಿ, ನಿಮ್ಮ ಮೆಂಟರ್ ಪಕ್ಕದಲ್ಲಿ ನಿಂತು ನೋಡಲಿ. ಎರಡನೇ ವರ್ಷ ಭೇಟಿಗಳನ್ನು ಎರಡು ತಿಂಗಳಿಗೊಮ್ಮೆ ಮಾಡಿ, ಆ ನಾಲ್ಕು ಅಂಕಿಗಳು ಇಳಿದ ಕೇಂದ್ರಕ್ಕೆ ಮಾತ್ರ ಮತ್ತೆ ತಿಂಗಳ ಭೇಟಿ ಶುರು ಮಾಡಿ. ಅಳತೆಯ ಹಾಳೆ, ಅಭ್ಯಾಸದ ಗೊಂಬೆ ಮುಂತಾದ ಸಾಮಾನನ್ನು ಕೊನೇ ದಿನ ಕಟ್ಟಿಕೊಂಡು ಬರಬೇಡಿ. ದಾನಿಯ ಅನುಮತಿ ಪತ್ರ ತೆಗೆದುಕೊಂಡು, ವೈದ್ಯಾಧಿಕಾರಿಯ ಸಹಿ ಮಾಡಿಸಿ, ಕೇಂದ್ರದ ದಾಸ್ತಾನು ಪುಸ್ತಕದಲ್ಲಿ ನಮೂದು ಮಾಡಿಸಿ ಅಲ್ಲೇ ಬಿಟ್ಟು ಬನ್ನಿ. ಮುಂದಿನ ವರ್ಷದ ಅಳತೆ ಹಾಳೆಗಳ ಬೇಡಿಕೆಯನ್ನು ಜಿಲ್ಲೆಯ ವಾರ್ಷಿಕ ಯೋಜನೆಯಲ್ಲಿ ಸೇರಿಸಲು ಡಿಎಚ್‌ಓ ಅವರಿಗೆ ಕೊಡುವ ಪತ್ರವನ್ನು ನಿಮ್ಮ ಯೋಜನೆ ಮುಗಿಯುವುದಕ್ಕೆ ಆರು ತಿಂಗಳು ಮುಂಚೆಯೇ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಫೈಲ್‌ನಲ್ಲಿಡಿ.